ಲಾಕ್ ಇಲ್ಲದ ಆಫೀಸ್ ಫೋನ್

ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್, ಆಫೀಸಿನ ಫೋನನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದಳು. ಈಗ ಸಿನಿಮಾ ಟಿಕೆಟ್ಟಿನ ಕ್ಯೂನಲ್ಲಿ ನಿಂತು ಅಣ್ಣನ ಫೋನಿಗೆ ಕೈಚಾಚಿದಳು. ಇಂಟರ್ವಲ್ಲಿಗೆ ಮುಂಚೆಯೇ ಕ್ಲೈಮ್ಯಾಕ್ಸ್ ಬಂತೆಂದು ಕ್ಯೂನಲ್ಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿದರು.

“ಆ ಫೋನಿಗೆ ಲಾಕ್ ಇದೆ ತಾನೆ?” ಎಂದ ಅಣ್ಣ.

“ಗ್ಲೌಸ್ ಹಾಕಿದ್ರೆ ಬೆರಳು ತಗೊಳ್ಳಲ್ಲ ಅಂತ ತೆಗೆದ್ಬಿಟ್ಟಿದ್ದೆ.”

“ಭೇಷ್! ಕಳ್ಳನಿಗೆ ಬಾಗಿಲು ತೆಗೆದು ಕುರ್ಚಿನೂ ಹಾಕಿದೀಯ.”

“ಡೈಲಾಗ್ ಸಾಕು. ಒಂಟಿ ಅಜ್ಜಿಯರು ಮನೆ ಕೀಲಿ ಎಲ್ಲಿ ಬಚ್ಚಿಡ್ತಾರೆ ಅನ್ನೋದೆಲ್ಲ ಅದರಲ್ಲಿದೆ. ಆಫೀಸಿಗೆ ಹೇಳ್ಬೇಕು.”

“ಹೇಳಿದ್ರೆ ಪೂರ್ತಿ ಅಳಿಸ್ತಾರೆ ಕಣೇ. ಅಪ್ಪ ಹೋದ್ಮೇಲೆ ಅವರ ದನಿ ಉಳಿದಿರೋದೇ ಅದರಲ್ಲಿ. ಸಂಜೆವರೆಗೆ ಹುಡುಕೋಣ.”

“ಅಷ್ಟರಲ್ಲಿ ಯಾರಾದ್ರೂ ಆ ಅಜ್ಜಿಯರ ಮನೆಗೆ ನುಗ್ಗಿದ್ರೆ? ಕೊಡಣ್ಣ.”

ಅಣ್ಣ ಕೊಟ್ಟ.

“ಸರ್, ಫೋನ್ ಕಳ್ಕೊಂಡಿದೀನಿ. ಈಗಲೇ ಎಲ್ಲಾ ಅಳಿಸಿ. ಹ್ಞೂಂ, ನನ್ನದೂ ಸೇರಿ.”

ಅವಳು ಕಣ್ಣೊರೆಸಿಕೊಂಡಳು.

“ನಡಿ, ಕೀಲಿಗಳ ಜಾಗಾನೂ ಬದಲಾಯಿಸಿ ಬರೋಣ,” ಎಂದು ಅಣ್ಣನನ್ನು ಎಳೆದುಕೊಂಡೇ ಹೊರಟಳು.