ಬೆಟ್ಟ ಹತ್ತಿದ್ದಕ್ಕೆ ಸೀಲು

ಬೆಟ್ಟದ ತುದಿಯ ಬೇಕರಿಯಲ್ಲಿ ಭಾನುವಾರದ ಸಾಲು. ಬಸ್ ಓಡಿಸುವ ಸೊಲಾಂಜಳ ಮುಂದೆ ಸೈಕಲ್ ಸವಾರರ ಉಡುಪಿನ ಇಬ್ಬರು ಮುದುಕರು, ಹತ್ತಿ ಬಂದದ್ದಕ್ಕೆ ಸಾಕ್ಷಿಯಾಗಿ ಬೇಕರಿಯ ಸೀಲು ಒತ್ತಿಸಲು ಕ್ಲಬ್ಬಿನ ಕಾರ್ಡು ಹಿಡಿದು ನಿಂತಿದ್ದರು. ಫೆರ್ನಾನ್‌ನನ್ನು ಒಂಬತ್ತರ ಬಸ್ಸಿನಲ್ಲಿ, ಲುಸಿಯಾಂನನ್ನು ಹತ್ತರ ಬಸ್ಸಿನಲ್ಲಿ, ಸೈಕಲ್ ಸಮೇತ ತಾರ್ನ್ ನದಿಯ ದಡದಿಂದ ಮೇಲಕ್ಕೆ ತಂದವಳು ಅವಳೇ. ಇಬ್ಬರೂ ಊರಿಗೆ ಒಂದು ತಿರುವು ಮೊದಲೇ ಇಳಿದುಕೊಂಡಿದ್ದರು.

“ಒಂದು ಗಂಟೆ ಕಾಯಿಸಿದೆಯಲ್ಲೋ ಲುಸಿಯಾಂ! ಮುದುಕ ಆದೆ ಬಿಡು.”

“ಚೆಸ್ಟ್‌ನಟ್ ಕಾಡಿನ ಹತ್ರ ಎದುರುಗಾಳಿ ಕಣೋ. ಜೀವ ಬಾಯಿಗೆ ಬಂತು.”

“ನಂಗೂ ಅಷ್ಟೇ. ಮೂರನೇ ತಿರುವಲ್ಲಿ ತೊಡೆ ಹಿಡ್ಕೊಂಡ್ಬಿಡ್ತು.”

“ಮೈಮೇಲೆ ಬೆವರೇ ಕಾಣ್ತಿಲ್ಲ?”

“ಗಾಳಿಗೆ ಆರಿಹೋಯ್ತು. ನಿಂದು?”

“ನಂದೂ ಆರ್ತು. ಆ ಬಸ್ಸು ಪಕ್ಕದಲ್ಲೇ ಹೋದಾಗ ನಗು ಬಂತು ನೋಡು. ಒಳಗೆಲ್ಲ ಬರೀ ಮುದುಕರೇ.”

“ಅಯ್ಯೋ ಪಾಪ, ಕೂತ್ಕೊಳ್ಲಿ ಬಿಡೋ.”

ಬೇಕರಿಯವಳು ಎರಡೂ ಕಾರ್ಡಿಗೆ ಸೀಲು ಒತ್ತಿದಳು. ಲುಸಿಯಾಂ ಹೊರಗೆ ಹೋದದ್ದೇ ತಡ, ಫೆರ್ನಾನ್ ಸೊಲಾಂಜಳ ಕಿವಿಯ ಬಳಿ ಬಗ್ಗಿದ.

“ಅವನಿಗೆ ಹೇಳ್ಬೇಡಮ್ಮ. ನನ್ನ ಕೈಲಾಗಲ್ಲ ಅಂತ ಗೊತ್ತಾದ್ರೆ ಅವನೂ ಮನೆ ಹಿಡಿದು ಕೂತ್ಬಿಡ್ತಾನೆ.”

ಹತ್ತರ ಬಸ್ಸಿನಿಂದ ಇಳಿಯುವಾಗ ಲುಸಿಯಾಂ ಹೇಳಿದ್ದೂ ಇದನ್ನೇ. ಸೊಲಾಂಜ್ ಆಗಲೆಂದು ತಲೆಯಾಡಿಸಿದಳು.

“ಬೇಗ ಬಾರೋ!” ಹೊರಗಿನಿಂದ ಲುಸಿಯಾಂ ಕೂಗಿದ. “ಮುಂದಿನ ಭಾನುವಾರ ಆಚೆ ದಡದ ಬೆಟ್ಟ. ಇದರ ಎರಡರಷ್ಟಿದೆ!”

“ಬಂದೆ ಬಂದೆ!” ಎಂದ ಫೆರ್ನಾನ್. ಬಾಗಿಲ ತನಕ ಹೋದವನು ಹಿಂತಿರುಗಿ ಮೆಲ್ಲಗೆ ಕೇಳಿದ:

“ಅಲ್ಲಿಗೂ ನಿಮ್ಮ ಬಸ್ಸು ಹೋಗುತ್ತೇನಮ್ಮ?”