ಕರ್ನಲ್ ಸಾಹೇಬರಿಗೆ ಬಂದ ಶತ್ರು ಕರೆ

"ಹಲೋ... ಹಾಂ, ಹೇಳಿ, ಯಾರು ಮಾತಾಡ್ತಿರೋದು?"

"...ಯಾರು? ಅಫ್ರಿಯೆ? ಯಾವ ಅಫ್ರಿಯೆ?"

"...ನನ್ನ ತಂಗಿ ಅಫ್ರಿಯೆ. ಓಹೋ. ನಂಬರ್ ಬೇರೆ ಇದೆಯಲ್ಲಮ್ಮ?"

"...ಪಕ್ಕದ ಮನೆಯವರ ಫೋನು. ನಿಮ್ಮದರಲ್ಲಿ ಚಾರ್ಜ್ ಇಲ್ಲ. ಅಲ್ವಾ? ಇಂಥ ಹೊತ್ತಲ್ಲಿ ಯಾರ ಫೋನಲ್ಲೂ ಚಾರ್ಜ್ ಇರಲ್ಲ ಬಿಡಿ."

ಕರ್ನಲ್ ಅಮಾಂಕ್ವಾ ಸಾಹೇಬರು ಫೋನಿಗೆ ಕೈ ಅಡ್ಡ ಹಿಡಿದು, ಹಲಗೆಯ ಮೇಲೆ 'ಶತ್ರು ಕರೆ' ಎಂದು ಬರೆಯುವಂತೆ ತಮ್ಮ ಕ್ಯಾಪ್ಟನ್‌ಗೆ ಸನ್ನೆ ಮಾಡಿದರು. ಸೈಬರ್ ಯುದ್ಧದಲ್ಲಿ ಪಡೆ ನಡೆಸುವುದು ಹೇಗೆಂದು ದೊಡ್ಡ ಅಧಿಕಾರಿಗಳಿಗೆ ಕಲಿಸುವ ಅಣಕು ಯುದ್ಧದ ಕವಾಯತು ಘಾನಾದ ರಾಜಧಾನಿ ಅಕ್ರಾದಲ್ಲಿ ನಡೆದಿತ್ತು. ಎದುರು ಪಕ್ಷ ಆಡಿಸುತ್ತಿದ್ದ ಮೇಜರ್ ಜಿಫಾ ಎಂಬ ಹೆಣ್ಣುಮಗಳು ನಿನ್ನೆ ಎಲ್ಲರ ಫೋನಿಗೂ ಸಾವಿನ ಸುದ್ದಿಯ ಒಂದು ಪೋಸ್ಟರ್ ಕಳಿಸಿದ್ದಳು. ಸತ್ತವರ ಪೋಸ್ಟರ್ ಬಂದರೆ ತೆರೆಯದೆ ಬಿಡುವ ಮನುಷ್ಯ ಘಾನಾದಲ್ಲಿ ಇನ್ನೂ ಹುಟ್ಟಿಲ್ಲ. ಸಾಹೇಬರೂ ತೆರೆದರು, ಅದರಲ್ಲಿ ಅಡಗಿದ್ದ ವೈರಸ್ ನುಗ್ಗಿ ಆಟದೊಳಗಿನ ಅವರ ದೇಶಕ್ಕೆ ಕರೆಂಟು ಹೋಯಿತು. ಇವತ್ತೂ ಮೋಸಹೋದರೆ ಹೊಸ ಸೈಬರ್ ದಳದ ಮುಖ್ಯಸ್ಥನ ಕುರ್ಚಿಯ ಆಸೆ ಬಿಡಬೇಕಾಗಿತ್ತು.

"...ಹಾಂ, ಕೇಳಿಸ್ತಿದೆ. ಸೋದರಮಾವನಿಗೆ ಉಸಿರು ಎಳೀತಿದೆ. ಅಯ್ಯೋ ಪಾಪ. ನಿನ್ನೆ ಸತ್ತವರು, ಇವತ್ತು ಸಾಯೋರು. ನಿಮ್ಮ ಮೇಜರಮ್ಮನಿಗೆ ಬೇರೆ ಏನೂ ಹೊಳೀಲಿಲ್ವಾ?"

"...'ಯಾವ ಮೇಜರ್' ಅಂತೀರಾ! ಬಹಳ ಚೆನ್ನಾಗಿದೆ."

"...ಇಲ್ಲ ಇಲ್ಲ, ಇಡಬೇಡಿ. ಮಾತಾಡ್ತಾ ಇರಿ. ನನಗೇನೂ ಅವಸರ ಇಲ್ಲ."

ಶತ್ರು ಫೋನ್ ಮಾಡಿದರೆ ಮಾತಿನಲ್ಲಿ ಕಟ್ಟಿಹಾಕಬೇಕು, ಅಷ್ಟರಲ್ಲಿ ಹುಡುಗರು ಕರೆಯ ಜಾಡು ಹಿಡಿಯಬೇಕು. ಬೆಳಿಗ್ಗೆ ಸಾಹೇಬರೇ ಹಾಕಿಕೊಟ್ಟ ಯೋಜನೆ ಅದು. ಕ್ಯಾಪ್ಟನ್ ಆಗಲೇ ಕೀಲಿಮಣೆ ಕುಟ್ಟುತ್ತಿದ್ದ.

"...ಅದೇನು ಹಿಂದುಗಡೆ, ಆಡು ಅರಚ್ತಿದೆಯಾ? ಆಡನ್ನೂ ತಂದು ಕಟ್ಟಿದೀರಾ? ಇರಲಿ, ಸರ್ಕಾರದ ಖರ್ಚು."

"...ಅಳು ಸ್ವಲ್ಪ ಜಾಸ್ತಿ ಆಯ್ತಮ್ಮ. ನನ್ನ ತಂಗಿ ಇಷ್ಟೊಂದು ಅಳೋಳಲ್ಲ. ಅಳೋ ಬದಲು ಬೈತಾಳೆ."

"...ಹಾಂ, ಹೀಗೆ. ಥೇಟ್ ಹೀಗೇ ಬೈತಾಳೆ. ಯಾರು ಹೇಳ್ಕೊಟ್ರು ನಿಮಗೆ?"

"...ಏನು, ನೀರಾ? ಗೊತ್ತಮ್ಮ, ಗೊತ್ತು. ನಮ್ಮ ಅಸಾಂಟೆ ಜನರಲ್ಲಿ ಸೋದರಳಿಯನೇ ವಾರಸುದಾರ. ಸೋದರಮಾವ ಹೋಗೋ ಹೊತ್ತಿಗೆ ಅವನೇ ಬಾಯಿಗೆ ನೀರು ಬಿಟ್ಟು ನಾಕು ಮಾತು ಹೇಳಿ ಕಳಿಸಬೇಕು. ಮೇಜರ್ ಜಿಫಾ ಎವೆ ಜನಾಂಗದವಳು, ಇದೆಲ್ಲ ಅವಳಿಗೆ ಹೇಗೆ ಗೊತ್ತಾಯ್ತು? ಓದಿದಾಳೆ, ಪರವಾಗಿಲ್ಲ."

"...ನೀರು ನೀವು ಬಿಡ್ತೀರಿ, ಮಾತು ನಾನು ಫೋನಲ್ಲೇ ಹೇಳಬೇಕು. ಅಲ್ವಾ? ನಾನು ಹೇಳೋದು, ನೀವು ನನ್ನ ದನಿ ಕದಿಯೋದು, ಆಮೇಲೆ ನಾನೇ ಅಪ್ಪಣೆ ಕೊಟ್ಟ ಹಾಗೆ ನನ್ನ ಪಡೆಗೆ ಕೇಳಿಸೋದು. ಮೊನ್ನೆ ತಾನೇ ಆ ಪಾಠ ಆಯ್ತಮ್ಮ."

"...ಯಾರಿಗೆ ಕೊಡ್ತೀರಿ? ಮಾವನಿಗೇನಾ? ಕೊಡಿ, ಕೊಡಿ. ಮುದುಕನ ಪಾತ್ರ ಯಾರು ಮಾಡ್ತಿದಾರೋ ನೋಡೋಣ."

"..."

"ಬರೀ ಉಸಿರು. ಒಳ್ಳೇ ನಟ, ಮಾತೇ ಆಡಲ್ಲ."

"ಮಾಂಪಾಂಗ್‌ನಿಂದ ಬರ್ತಿದೆ ಸರ್, ಕರೆ," ಎಂದ ಕ್ಯಾಪ್ಟನ್. ಅದು ಮಾವನ ಊರು.

"ಅದನ್ನೂ ಸುಳ್ಳು ತೋರಿಸಬಹುದು ಕಣಯ್ಯ," ಎಂದರು ಸಾಹೇಬರು. ಆದರೆ ಫೋನು ಕಿವಿಯಿಂದ ತೆಗೆಯಲಿಲ್ಲ. ಉಸಿರು ಒಮ್ಮೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಲ್ಲಿಂದಲೋ ಎಳೆದುಕೊಂಡು ಬರುತ್ತಿತ್ತು. ತಮ್ಮನ್ನು ಸಾಕಿ ಶಾಲೆಗೆ ಕಳಿಸಿದ ಮನುಷ್ಯನ ಉಸಿರು ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಯಾವತ್ತೂ ಕೂತು ಕೇಳಿದವರಲ್ಲ. ಅವರಿಗೆ ಹೆದರಿಕೆಯಾಯಿತು.

ಇಂಥ ಕವಾಯತಿಗೆ ಒಂದು ನಿಯಮವಿದೆ. 'ಕವಾಯತು ನಿಲ್ಲಲಿ' ಎಂದು ಯಾರಾದರೂ ಅಂದರೆ, ಆಟದಲ್ಲಿರುವವರು ತಕ್ಷಣ ಫೋನ್ ಇಟ್ಟುಬಿಡಬೇಕು. ಅಂದವನು ಸೋತಂತೆ.

"ಕೇಳಿ. ಕವಾಯತು ನಿಲ್ಲಲಿ."

"..."

"ನಿಲ್ಲಲಿ ಅಂದೆ. ನೀವೀಗ ಫೋನ್ ಇಡಬೇಕು. ನಿಯಮ ಅದು."

"..."

"ಇಡಿ ತಾಯಿ. ದಮ್ಮಯ್ಯ ಅಂತೀನಿ, ಇಟ್ಟುಬಿಡಿ."

ಯಾರೂ ಇಡಲಿಲ್ಲ. ಕ್ಯಾಪ್ಟನ್ ತಲೆ ತಗ್ಗಿಸಿದ. ಸಾಹೇಬರು ಎದ್ದು ನಿಂತಿದ್ದರು, ಯಾವಾಗ ಎದ್ದರೋ ಅವರಿಗೇ ತಿಳಿಯದು.

"...ಅಫ್ರಿಯೆ? ಅಫ್ರಿಯೆ, ನೀನೇನೇ?"

"...ಬೈಯಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ನೀರೆಲ್ಲಿ? ಕೈಯಲ್ಲಿದೆಯಾ? ಬಿಡ್ತಾ ಇರು. ಫೋನು ಅವರ ಕಿವಿಗೆ ಹಿಡಿ. ಹಿಡಿದ್ಯಾ?"

"ಮಾವ, ನಾನು, ಕ್ವಾಜೊ. ನೀರು ತಗೊಳ್ಳಿ ಮಾವ. ದಾರೀಲಿ ನಿಮಗೆ ಏನೂ ಅಡ್ಡ ಬರದೇ ಇರಲಿ. ಹಿಂದೆ ಉಳಿಯೋರಿಗೆ ಒಳ್ಳೇದನ್ನೇ ಬಿಟ್ಟು ಹೋಗಿ. ನನ್ನ ಮೇಲೆ ಬೇಜಾರು ಇಟ್ಕೊಂಡು ಹೋಗಬೇಡಿ. ಮಾವ? ಕೇಳಿಸ್ತಿದೆಯಾ ಮಾವ?"

"...ಅಫ್ರಿಯೆ, ನುಂಗಿದ್ರಾ? ನೀರು ಒಳಗೆ ಹೋಯ್ತಾ?"

"...ಏನಂದೆ?"

"...ಯಾವಾಗ ಉಸಿರು ನಿಂತಿದ್ದು? ಅಲ್ಲ, ಯಾವಾಗ ಅಂತ ಕೇಳ್ತಿದೀನಿ ಕಣೇ. ನಾನು 'ಮಾವ' ಅನ್ನೋಕೆ ಮುಂಚೆನಾ, ಅಂದ ಮೇಲಾ?"

"...ಅಳಬೇಡ, ಅದೊಂದು ಹೇಳಿಬಿಡು. ಮುಂಚೆನಾ, ಆಮೇಲಾ? ಹಲೋ... ಅಫ್ರಿಯೆ? ಹಲೋ..."

ಲೈನು ಕಡಿದುಹೋಗಿತ್ತು.