ಪಕ್ಕಕ್ಕೆ ತಿರುಗಿಸಿದ ವ್ಯಾನು

ಅಧ್ಯಕ್ಷರಾದ ಓಂಕಾರಪ್ಪನವರೇ, ಹೂಗುಚ್ಛ ಹಿಡಿದು ಕೈ ಸೋತಿರುವ ಮುಖ್ಯ ಅತಿಥಿಗಳೇ, ಕುರ್ಚಿ ಸಾಲದೆ ಬಾಗಿಲ ಬಳಿ ನಿಂತವರೂ ಸೇರಿದಂತೆ ನಮ್ಮ ಕನ್ನಡ ಸಂಘದ ಸಭಿಕರೇ,

ನಮ್ಮ ಯಜಮಾನರಾದ ರಾಮಕೃಷ್ಣ ಅವರ ಭಾವಚಿತ್ರವನ್ನು ಈಗಷ್ಟೇ ಅನಾವರಣ ಮಾಡಿದಿರಿ. ಫೋಟೋದಲ್ಲಿ ನಗುತ್ತಿದ್ದಾರೆ. ಮನೆಯಲ್ಲಿ ಅಷ್ಟೊಂದು ನಗುತ್ತಿರಲಿಲ್ಲ, ಇರಲಿ. ವಿಜಯವಾಡದಿಂದ ಬಂದಿರುವ ಮಗಳು ಪ್ರೇರಣಾ, "ಅಮ್ಮಾ, ಎರಡೇ ಮಾತು, ಆಮೇಲೆ ಕೂತುಬಿಡು" ಎಂದು ಹೇಳಿ ಕಳಿಸಿದ್ದಾಳೆ. ವರ್ಷಗಟ್ಟಲೆ ಭಾನುವಾರದ ಕನ್ನಡ ತರಗತಿ ನಡೆಸಿದವಳಿಗೆ ಎರಡು ಮಾತಿನಲ್ಲಿ ಮುಗಿಸಲು ಬರುತ್ತದೆಯೇ?

ಮಕ್ಕಳೆಲ್ಲ ನೃತ್ಯಕ್ಕೆ ಬಣ್ಣ ಹಚ್ಚಿಸಿಕೊಳ್ಳಲು ಕೆಳಗಿನ ಕೋಣೆಗೆ ಹೋಗಿದ್ದಾರೆ. ಅವರು ಬರುವುದರೊಳಗೆ ನಾನು ಮುಗಿಸಬೇಕು. ಈ ಹೊತ್ತಿಗೇ ನನ್ನನ್ನು ಕರೆಯಿರಿ ಎಂದು ಕೇಳಿಕೊಂಡವಳು ನಾನೇ.

ಅವರು ಹೇಗೆ ಹೋದರೆಂದು ನಿಮಗೆಲ್ಲ ಗೊತ್ತು. ಆ ಭಾನುವಾರ ನಾನು ಕನ್ನಡಕ ಮನೆಯಲ್ಲೇ ಬಿಟ್ಟು ತರಗತಿಗೆ ಬಂದಿದ್ದೆ. ಗೊಣಗುತ್ತಲೇ ಸ್ಕೂಟರಿನಲ್ಲಿ ತಂದುಕೊಡಲು ಬಂದರು. ನಮ್ಮ ತರಗತಿಯ ವ್ಯಾನು ಮಕ್ಕಳನ್ನು ಇಳಿಸಿ, ತಿರುಗಿಕೊಂಡು ಎದುರಿನಿಂದ ಬರುತ್ತಿತ್ತು. ಓಡಿಸುತ್ತಿದ್ದವನು ಕಾಮೇಶ್ವರ. ಗೇಟಿನ ಬಳಿ ನಿಂತಿದ್ದ ಒಂದು ಮಗು ಇವರನ್ನು ಕಂಡು, ಪೆಪ್ಪರಮಿಂಟು ಕೊಡುವ ತಾತ ಬಂದರೆಂದು ರಸ್ತೆಗೆ ಓಡಿತು. ಕಾಮೇಶ್ವರ ವ್ಯಾನನ್ನು ಪಕ್ಕಕ್ಕೆ ತಿರುಗಿಸಿದ. ಪಕ್ಕದಲ್ಲಿ ಇವರಿದ್ದರು.

ನಾನು ಗೇಟಿನಲ್ಲೇ ಇದ್ದೆ. ಮೊದಲು ಮಗುವನ್ನು ಎಳೆದು ಒಳಗೆ ಬಿಟ್ಟು ಬಾಗಿಲು ಹಾಕಿದೆ. ಆಮೇಲೆ ಇವರ ಹತ್ತಿರ ಓಡಿದೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಹೋಗುವಷ್ಟರಲ್ಲಿ ಇವರಿಗೆ ಮಾತು ನಿಂತಿತ್ತು. ಕನ್ನಡಕ ಜೇಬಿನಲ್ಲಿ ನೆಟ್ಟಗೇ ಇತ್ತು. ಈಗ ಹಾಕಿಕೊಂಡಿರುವುದು ಅದನ್ನೇ.

ಕೋರ್ಟಿನಲ್ಲಿ ಕಾಮೇಶ್ವರನನ್ನು ಕೇಳಿದರು, ಮಗು ಅಡ್ಡ ಬಂತು ಅನ್ನುತ್ತೀಯಲ್ಲ, ಯಾರ ಮಗು? ಅವನ ವಕೀಲರು ಹಿಂದಿನ ದಿನವೇ ತಿಳಿಹೇಳಿದ್ದರಂತೆ, ಮಗುವಿನ ಹೆಸರು ಹೇಳು, ನಿನ್ನ ತಪ್ಪಿಲ್ಲವೆಂದು ಸಾಬೀತಾಗುತ್ತದೆ ಎಂದು. ಅವನು ಕೈಮುಗಿದು ತೆಲುಗಿನಲ್ಲಿ "ತೆಲೀದು ಸಾರ್" ಎಂದ. ಗೊತ್ತಿಲ್ಲವಂತೆ! ವಾರವಾರವೂ ಆ ಮಗುವಿನ ಜುಟ್ಟು ಹಿಡಿದು ತಮಾಷೆ ಮಾಡುತ್ತಿದ್ದವನು. ಮಗು ಅಡ್ಡ ಬಂದದ್ದು ನಿಜ, ವ್ಯಾನು ವೇಗವಾಗಿ ಬರಲಿಲ್ಲ ಎಂದು ನಾನೂ ಸಾಕ್ಷಿ ಹೇಳಿದೆ. ಯಾರ ಮಗುವಮ್ಮಾ ಎಂದರು. ಗೊತ್ತಿಲ್ಲ ಎಂದೆ. ಅಯ್ಯೋ, ಇದನ್ನು ಇಲ್ಲಿ ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಕೋರ್ಟಿನವರು ಯಾರಾದರೂ ಬಂದಿದ್ದರೆ ಊಟ ಮಾಡಿಕೊಂಡು ಹೋಗಿ.

ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟರು. ಈಗ ಅಚ್ಯುತಾಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕಾಯುತ್ತಾನೆ. ಮತ್ತೆ ವ್ಯಾನು ಕೊಡಿ ಎಂದು ಸಂಘವನ್ನು ಕೇಳಿಕೊಂಡ. ಬೇಡವೆಂದು ಪೋಷಕರೆಲ್ಲ ಸಹಿ ಹಾಕಿ ಕೊಟ್ಟಿರಿ. "ಸಂಶಯ ಇನ್ನೂ ಇದೆಯಲ್ಲ ದಾಕ್ಷಾಯಣಮ್ಮ, ನಮ್ಮ ಮಕ್ಕಳನ್ನು ಹೇಗೆ ಕಳಿಸೋಣ?" ಎಂದಿರಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಸಂಶಯ ಎಲ್ಲಿಂದ ಬಂತು? ನಾವಿಬ್ಬರೂ ಬಾಯಿ ಮುಚ್ಚಿಕೊಂಡದ್ದರಿಂದ ಬಂತು. ನನಗೆ ಶಾಲು ಹೊದಿಸಿದಿರಿ, ಅವನಿಗೆ ಕೆಲಸ ಹೋಯಿತು.

ನಾನೇನು ದೊಡ್ಡವಳಲ್ಲ. ರಾತ್ರಿ ಒಬ್ಬಳೇ ಕೂತು ಊಟ ಮಾಡುವಾಗ, ಅವನು ನೇರ ಹೋಗಿದ್ದರೆ ಇವರು ಉಳಿಯುತ್ತಿದ್ದರಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ನನ್ನ ಬಾಯಲ್ಲಿ ಇಂಥ ಮಾತು ಬರಬಹುದೇ? ಬಂದಿದೆ. ಮರುವಾರ ಅದೇ ಮಗು ತರಗತಿಗೆ ಬಂದು, ಟೀಚರ್, ತಾತ ಯಾವಾಗ ಬರ್ತಾರೆ ಎಂದು ಕೇಳಿತು. ಅದಕ್ಕೆ ಏನೂ ಗೊತ್ತಿಲ್ಲ. ಅದರ ತಂದೆತಾಯಿಗೂ ಗೊತ್ತಿಲ್ಲ. ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಅವರೂ ಇದ್ದಾರೆ.

ಹೆಸರು ಹೇಳುವುದಿಲ್ಲ. ನೀವೂ ಕೇಳಬೇಡಿ. ಆ ಮಗು ನಿಮ್ಮದೇ ಇರಬಹುದು ಎಂದುಕೊಂಡು ಆ ಸಹಿಯನ್ನು ಇನ್ನೊಂದು ಸಲ ನೋಡಿ, ಅಷ್ಟೇ ನನ್ನ ವಿನಂತಿ. ನೀವು ಒಪ್ಪಿದರೆ ಬರುವ ಭಾನುವಾರ ಕಾಮೇಶ್ವರ ವ್ಯಾನು ತರುತ್ತಾನೆ. ಮುಂದಿನ ಸೀಟಿನಲ್ಲಿ ಅವನ ಪಕ್ಕ ನಾನು ಕೂತಿರುತ್ತೇನೆ.

ಗೆಜ್ಜೆ ಸದ್ದು ಕೇಳುತ್ತಿದೆ, ಮಕ್ಕಳು ಮೆಟ್ಟಿಲು ಹತ್ತಿದರು. ಕೇಳಿಸಿಕೊಂಡದ್ದಕ್ಕೆ ನಿಮಗೆಲ್ಲ ಧನ್ಯವಾದ. ದಯವಿಟ್ಟು ಯಾವ ಮಗುವಿನ ಮುಖವನ್ನೂ ಹುಡುಕಿ ನೋಡಬೇಡಿ. ಎಲ್ಲರಿಗೂ ಒಂದೇ ಸಮನಾಗಿ ಚಪ್ಪಾಳೆ ತಟ್ಟಿ. ನಮಸ್ಕಾರ.